ಖಂಡೇ ಪೂಜೆಯ ಮರುದಿನ ಏಳದ ಮಷೀನು

ನಮ್ಮ ಅನ್ನಪೂರ್ಣಾ ವೈನಿ ಸುಮ್ಮಸುಮ್ಮನೆ ಹೆದರುವ ಹೆಂಗಸಲ್ಲ. ಹೊಳೆಮಣ್ಣೂರಿನಲ್ಲಿ ಹುಟ್ಟಿ, ಮಲಪ್ರಭೆಯ ನೀರು ಅಂಗಳಕ್ಕೆ ಬಂದಾಗೆಲ್ಲ ಗಂಟುಮೂಟೆ ಹೊತ್ತು ಓಡಿ ಬೆಳೆದವಳು. ನಮ್ಮಣ್ಣ ಗುರುಪಾದನ ಕೈಹಿಡಿದು ನರಗುಂದಕ್ಕೆ ಬಂದಮೇಲೆ, ನಮ್ಮ ಕಾಳುಕಡಿ ಅಂಗಡಿಯಲ್ಲಿ ಮೂಲೆಗೆ ಎಸೆದಿದ್ದ ಕಂಪ್ಯೂಟರನ್ನು ಮನೆಗೆ ತಂದಳು. ತಾನೇ ಬಿಚ್ಚಿ, ತಾನೇ ಜೋಡಿಸಿ, ಜೋಳದ ಚೀಲಗಳ ಪಕ್ಕದಲ್ಲಿ ಅದನ್ನು ಹಗಲುರಾತ್ರಿ ಓಡುವ ಸರ್ವರ್ ಮಾಡಿ ಕೂಡಿಸಿದಳು. ಅದರ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಇದೆಯಂತೆ, ವರ್ಚುವಲ್ ಮಷೀನು. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಆದರೆ ಕೆಲಸ ಮಾಡುತ್ತದೆ. ನಾನಂತೂ ಬಿದ್ದು ಬಿದ್ದು ನಕ್ಕಿದ್ದೆ.

ಹೊಳೆ ಬಂದು ಇಳಿದ ವರ್ಷ ವೈನಿ ತವರೂರಿನ ಮನೆಮನೆ ತಿರುಗಿ ನೆನೆದ ಫೋಟೋಗಳನ್ನು ಒಟ್ಟು ಮಾಡಿದಳು. ಸ್ಕ್ಯಾನ್ ಮಾಡಿ ಆ ಒಳಗಿನ ಮಷೀನಿನಲ್ಲಿ ಇಟ್ಟಳು. ಅಸಲು ಫೋಟೋಗಳು ಆಮೇಲೆ ಬೂಸ್ಟು ಹಿಡಿದು ಉದುರಿಹೋದವು. ಇನ್ನೊಂದು ಪ್ರತಿ ಬೇರೆ ಕಡೆ ಇಟ್ಟಿದ್ದಳೇ? ಇಲ್ಲ! ಶಾಣ್ಯಾರು ಮಾಡುವುದೇ ಹೀಗೆ.

ಈ ಸಲದ ಖಂಡೇ ಪೂಜೆಗೆ, ಅದೇ ಆಯುಧಪೂಜೆಗೆ, ನಮ್ಮವ್ವ ಹೊನ್ನವ್ವ ಟ್ರ್ಯಾಕ್ಟರು, ತಕ್ಕಡಿ, ಮಿಕ್ಸರು ಎಲ್ಲಕ್ಕೂ ವಿಭೂತಿ ಹಚ್ಚಿ ಸರ್ವರಿನ ಹತ್ತಿರ ಬಂದಳು. "ದುಡಿಯೋ ವಸ್ತುಕ್ಕ ಒಂದಿನರ ಇಸ್ರಾಂತಿ ಬ್ಯಾಡೇನವಾ?" ಎಂದು ನನಗೆ ಹೇಳಿದವಳೇ ವಾಯರನ್ನು ಕಿತ್ತು ಚೆಂಡು ಹೂ ಇಟ್ಟಳು. ಕರೆಂಟು ಹೋದರೂ ಇನ್ವರ್ಟರಿನ ಮೇಲೆ ಓಡುತ್ತಿದ್ದ ಮಷೀನು ಮೊದಲ ಸಲ ಪೂರ್ತಿ ನಿಂತಿತು. ಬೆಳಿಗ್ಗೆ ಎದ್ದು ತಾನೇ ವಾಯರನ್ನು ಮತ್ತೆ ಸಿಕ್ಕಿಸಿದಳು, ವೈನಿ ಅದನ್ನು ನೋಡಿರಲಿಲ್ಲ.

ಮರುದಿನ ವಿಜಯದಶಮಿಯ ಬನ್ನಿ ಎಲೆ ಕೊಡಲು ಹೊಳೆಮಣ್ಣೂರಿನ ಮಾಯವ್ವ ಬಂದಳು. ಮಗಳು ನಾಗರತ್ನಾ ತೊಟ್ಟಿಲಲ್ಲಿದ್ದಾಗಲೇ ಗಂಡನನ್ನು ಕಳೆದುಕೊಂಡವಳು. ಗಂಡನದು ಅಂತ ಇದ್ದದ್ದು ಒಂದೇ ಫೋಟೋ, ಅದೂ ಹೊಳೆಯ ನೀರಿನಲ್ಲಿ ನೆನೆದು ಕಡೆಗೆ ವೈನಿಯ ಮಷೀನು ಸೇರಿತ್ತು. "ದೀಪಾವಳಿ ಆದಮ್ಯಾಲ ನಾಗರತ್ನಾನ ಮದುವಿ ಐತಿ ತಂಗಿ. ಹಂದರದಾಗ ಅವರ ಫೋಟೋ ಇಡಬೇಕು, ತಗದು ಕೊಡ" ಅಂದಳು.

ವೈನಿ ನಗುತ್ತಾ ಸ್ವಿಚ್ ಒತ್ತಿದಳು. ಹೊರಗಿನ ಮಷೀನು ಎದ್ದಿತು. ಒಳಗಿನದು ಏಳಲಿಲ್ಲ. ಮತ್ತೆ ಒತ್ತಿದಳು. ಈ ಕಂಪ್ಯೂಟರಿನಲ್ಲಿ ವರ್ಚುವಲ್ ಮಷೀನು ನಡೆಯುವುದಿಲ್ಲ ಎಂದು ಪರದೆಯ ಮೇಲೆ ಬಂತು. ನೀರಿಗೆ ಹೆದರದ ವೈನಿ ಆ ಸಾಲನ್ನು ಬೆರಳಿಟ್ಟು ಮತ್ತೆ ಮತ್ತೆ ಓದಿದಳು.

"ಎಲ್ಲಾ ಅಳಿಸಿ ಹೊಸದಾಗಿ ಹಾಕಿಬಿಡ" ಅಂದ ನಮ್ಮಣ್ಣ.

"ನಿನ್ನ ಬಾಯಾಗ ಮಣ್ಣ ಹಾಕ! ಅಳಿಸಿದ್ರ ಮಾಯವ್ವನ ಗಂಡನ್ನ ಎಲ್ಲಿಂದ ತರತೀ?" ಅಂತ ನಾನು ಹರಿಹಾಯ್ದೆ.

ಅವ್ವ ಗರ ಬಡಿದವಳಂತೆ ನಿಂತಿದ್ದಳು. "ಯವ್ವಾ, ನಾ ಪೂಜಿ ಮಾಡಿದ್ದ ತಪ್ಪಾತೇನ?"

ಮಾಯವ್ವ ಮಾತ್ರ ಬನ್ನಿ ಎಲೆ ಹಿಡಿದುಕೊಂಡು ಪರದೆಯನ್ನೇ ನೋಡುತ್ತಾ ನೆಲದ ಮೇಲೆ ಕುಳಿತಿದ್ದಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ.

ವೈನಿ ವಾಯರುಗಳನ್ನೆಲ್ಲ ಬಿಚ್ಚಿ ಕೂಡಿಸಿದಳು, ಏನೇನೋ ತೆಗೆದು ನೋಡಿದಳು, ಮಧ್ಯಾಹ್ನದ ಊಟವನ್ನೂ ಮಾಡಲಿಲ್ಲ. ಸಂಜೆಗೆ ಪರದೆಯ ಮೂಲೆಯ ತಾರೀಕು ಅವಳ ಕಣ್ಣಿಗೆ ಬಿತ್ತು. ಅದು ಎಷ್ಟೋ ವರ್ಷ ಹಿಂದಿನ ತಾರೀಕು! "ಅತ್ತಿ, ವಾಯರ್ ಕಿತ್ತಿದ್ರೇನ್ರಿ?" ಎಂದು ಕೇಳಿದಳು. ಅವ್ವ ಹೌದೆಂದು ತಲೆ ಆಡಿಸಿದಳು. ಮಷೀನಿನೊಳಗೆ ಗಡಿಯಾರದಲ್ಲಿರುವಂಥ ಒಂದು ಸಣ್ಣ ಸೆಲ್ಲು ಇರುತ್ತದಂತೆ. ಅದು ಯಾವಾಗಲೋ ಸತ್ತಿತ್ತು. ವಾಯರು ಕಿತ್ತ ಕೂಡಲೇ ಮಷೀನು ತಾರೀಕನ್ನೂ ಮರೆತಿತ್ತು, ಒಳಗೆ ಇನ್ನೊಂದು ಮಷೀನು ನಡೆಸಲು ವೈನಿ ಕೊಟ್ಟಿದ್ದ ಅನುಮತಿಯನ್ನೂ ಮರೆತಿತ್ತು. ಫೋಟೋಗಳಿಗೆ ಏನೂ ಆಗಿರಲಿಲ್ಲ. ವೈನಿ ಸೆಟ್ಟಿಂಗಿಗೆ ಹೋಗಿ ಆ ಅನುಮತಿಯನ್ನು ಮತ್ತೆ ಕೊಟ್ಟಳು. ಒಳಗಿನ ಮಷೀನು ಎದ್ದಿತು. ನನಗೆ ಅಳು ಬಂತು, ಯಾಕೆ ಸುಳ್ಳು ಹೇಳಲಿ.

ಫೋಟೋ ಪರದೆ ತುಂಬ ತೆರೆಯಿತು. ಕುಳಿತಿದ್ದ ಮಾಯವ್ವ ದಡಕ್ಕನೆ ಎದ್ದು ನಿಂತು, ತಲೆಯ ಮೇಲೆ ಸೆರಗು ಎಳೆದುಕೊಂಡಳು, ಗಂಡ ಹೊಲದಿಂದ ಈಗ ಒಳಗೆ ಬಂದನೇನೋ ಎಂಬಂತೆ. ತಲೆ ಬಗ್ಗಿಸಿ ನಿಂತವಳು ನಿಧಾನವಾಗಿ ಕಣ್ಣೆತ್ತಿ ನೋಡಿದಳು. ನೋಡುತ್ತಾ ನೋಡುತ್ತಾ ಪರದೆಯ ಹತ್ತಿರಕ್ಕೆ ಬಂದಳು.

"ಯಪ್ಪಾ..." ಅಂದಳು. "ಬರೋ ಅಳಿಯಾಗಿಂತ ಸಣ್ಣ ವಯಸ್ಸಿನವರ ಅದಾರಲ್ಲವಾ ಇವರು!"