ಚಪ್ಪಲಿ ಬಿಡುವ ಜಾಗ

ಲೀಲಾ ಮೇಡಂ ಗುಡಿಯೊಳಗೆ ಕೂತು ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಹೊರಗೆ, ಜನ ಚಪ್ಪಲಿ ಬಿಡುವ ಜಾಗದಲ್ಲಿ ಕೂರುತ್ತಿದ್ದರು. "ದೇವರ ಮುಂದೆ ಎಲ್ರೂ ಕಲಿತದ್ದನ್ನ ಒಪ್ಪಿಸ್ತಾರೆ ಕಣೋ. ಚಪ್ಪಲಿ ಮೆಟ್ಕೊಳ್ಳುವಾಗ ನಿಜ ಬರುತ್ತೆ" ಎನ್ನುವರು. ಧರ್ಮ, ನಾಡಿನ ಗುರುತು, ಜನರ ನೆನಪು ಅವರ ಅಧ್ಯಯನದ ವಿಷಯ. ನಾನು ಅವರ ಸಂಶೋಧನಾ ವಿದ್ಯಾರ್ಥಿ. ಯಾರು ಯಾವ ಕಥೆ ಹೇಳಿದರೂ ಮೇಡಂದು ಒಂದೇ ಪ್ರಶ್ನೆ: "ಇದನ್ನ ನಿಮಗೆ ಹೇಳಿದ್ದು ಯಾರು?"

ಸಿಂಗಸಂದ್ರದಾಚೆ, ಅಪಾರ್ಟ್‌ಮೆಂಟುಗಳ ಹಿಂಬದಿಯಲ್ಲಿ ಒಂದು ಹಳೆಯ ಗದ್ದುಗೆಯಿತ್ತು. ಸ್ವಾಮಿ ಎಂದು ನಿಂಬೆಹಣ್ಣು ಇಡುವವರೂ ಬಾಬಾ ಎಂದು ಚಾದರ ಹೊದಿಸುವವರೂ ಬರುತ್ತಿದ್ದರು. ಗುಡಿಸಿ ದೀಪ ಹಚ್ಚುತ್ತಿದ್ದವರು ಆ ಊರಿನ ಮುನಿಯಮ್ಮ. ಒಂದು ದಿನ ಕೆಲವು ಯುವಕರು ಬೈಕಿನಲ್ಲಿ ಬಂದು ಅಡ್ಡ ನಿಂತರು.

"ಮೇಡಂ, ಒಂದೇ ಮಾತಲ್ಲಿ ಹೇಳ್ಬಿಡಿ. ಇದು ನಮ್ದಾ, ಅವರ್ದಾ?"

"ಮುನಿಯಮ್ಮಂದು. ಕಸ ಗುಡಿಸೋದು ಅವರೇ ಅಲ್ವೇನ್ರಪ್ಪಾ?"

ಮುನಿಯಮ್ಮ ಸೆರಗನ್ನು ಬಾಯಿಗಿಟ್ಟು ನಕ್ಕರು. ಯುವಕರು ನಗಲಿಲ್ಲ.

ಆಮೇಲೆ ಮೇಡಂ ಪತ್ರಿಕೆಗೊಂದು ಲೇಖನ ಬರೆದರು. 'ಗದ್ದುಗೆಯಲ್ಲಿರುವವರು ಯಾರೆಂದು ಊರಿನಲ್ಲಿ ಯಾರಿಗೂ ಖಚಿತವಾಗಿ ಗೊತ್ತಿಲ್ಲ. ಆದ್ದರಿಂದಲೇ ಎಲ್ಲರೂ ಬರುತ್ತಾರೆ.' ವಾರದೊಳಗೆ ಮೊದಲ ವಾಕ್ಯ ಮಾತ್ರ, ಅವರ ಫೋಟೋದ ಜೊತೆ, ರಸ್ತೆಬದಿಯ ಫ್ಲೆಕ್ಸ್ ಮೇಲೆ ಬಂತು. ಅದರ ಕೆಳಗೆ ದಪ್ಪಕ್ಷರದಲ್ಲಿ: ಗದ್ದುಗೆಯೇ ಸುಳ್ಳು, ಪ್ರೊಫೆಸರೇ ಹೇಳಿದ್ದಾರೆ. ಒಂದು ಬೆಳಿಗ್ಗೆ ಜೆಸಿಬಿ ಬಂತು. ಕಳಿಸಿದ್ದು ಯಾರೆಂದು ಈವರೆಗೂ ಯಾರೂ ಹೇಳಿಲ್ಲ.

ನಾವು ಹೋದಾಗ ನೆಲ ಸಮತಟ್ಟಾಗಿತ್ತು. ಕೆಂಪು ಮಣ್ಣು, ಅದರೊಳಗೆ ಚಾದರದ ಹಸಿರು ಚೂರು. ಮುನಿಯಮ್ಮ ಒಬ್ಬರೇ ನಿಂತಿದ್ದರು.

"ಇಲ್ಲೇನೂ ಇರ್ಲಿಲ್ಲ ಕಣವ್ವಾ. ಓಗಿ."

ಅಭ್ಯಾಸಬಲದಿಂದಲೇ ಇರಬೇಕು, ಮೇಡಂ ಮೆಲ್ಲಗೆ ಕೇಳಿದರು: "ಇದನ್ನ ನಿಮಗೆ ಹೇಳಿದ್ದು ಯಾರು?"

"ನೀವೇ ಅಂತೆ. ನಿಮ್ ಪಟಾನೇ ಆಕಿದ್ರಲ್ಲ."

ಮೇಡಂ ತಲೆ ತಗ್ಗಿಸಿದರು. ಆಗ ನಾನೂ ನೋಡಿದೆ. ಮುನಿಯಮ್ಮ ಬರಿಗಾಲಲ್ಲಿದ್ದರು. ಅವರ ಚಪ್ಪಲಿ ಹಿಂದೆ, ಮೊದಲು ಎಲ್ಲರೂ ಬಿಡುತ್ತಿದ್ದ ಕಡೆಯೇ ಇತ್ತು. ಮೇಡಂ ಹೋಗಿ ತಮ್ಮದನ್ನೂ ಅದರ ಪಕ್ಕ ಬಿಟ್ಟು ಬಂದರು.

ಆಮೇಲೆ ಅವರು ಯಾವ ಊರಿಗೂ ಹೋಗಲಿಲ್ಲ, ಯಾರನ್ನೂ ಏನೂ ಕೇಳಲಿಲ್ಲ. ಕಳೆದ ವರ್ಷ ತೀರಿಕೊಂಡರು. ಅಂದು ಅವರ ಮನೆಯ ಹೊರಗೆ, ಚಪ್ಪಲಿಗಳ ಪಕ್ಕ ಬಹಳ ಹೊತ್ತು ಕೂತಿದ್ದೆ. ಒಳಗೆ ಅವರ ವಿದ್ವತ್ತನ್ನು ಹೊಗಳಿ ಬಂದ ಒಬ್ಬರು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಪಕ್ಕದವರಿಗೆ ಹೇಳಿದರು:

"ಅದೇ ಕಣ್ರೀ, ಆ ಗದ್ದುಗೆ ಕೆಡವಿಸಿದ್ರಲ್ಲ, ಆಯಮ್ಮ."