ಉಸಿರಿನ ಫ್ಯಾಟು

ಶೇಡಬಾಳದಲ್ಲಿ ನಮ್ಮ ಪಕ್ಕದ ಮನೆಯವರು ಹಾಲಿನ ಡೇರಿಯ ಸೆಕ್ರೆಟರಿಯಾಗಿದ್ದರು. ಹಾಲಿನ ಫ್ಯಾಟು ಅಳೆದು ಅಳೆದು, ಅಂಕಿ ಏರಿದಷ್ಟೂ ಒಳ್ಳೆಯದೆಂಬ ನಂಬಿಕೆ ಅವರ ರಕ್ತಕ್ಕೇ ಇಳಿದಿತ್ತು. ಹಾಲು ಹಾಕುವ ಎಮ್ಮೆಯವರು ಯಾರೇ ತಕರಾರು ತೆಗೆದರೂ ಮೀಸೆ ತಿರುವಿ ಒಂದೇ ಮಾತು: "ಅಂಕಿ ಸುಳ್ಳ ಹೇಳಂಗಿಲ್ರಿ."

ನಿದ್ದೆಯಲ್ಲಿ ಅವರ ಉಸಿರು ಆಗಾಗ ನಿಲ್ಲುತ್ತಿತ್ತು. ಮಿರಜಿನ ಡಾಕ್ಟರು ಮೂಗಿಗೆ ಮಾಸ್ಕು ಕಟ್ಟಿ ಗಾಳಿ ಒತ್ತುವ ಮಶೀನು ಕೊಡಿಸಿದರು. ಬೆಳಗಾದರೆ ಅದರ ಪರದೆಯ ಮೇಲೊಂದು ಅಂಕಿ ಮೂಡುತ್ತಿತ್ತು. ಸೆಕ್ರೆಟರಿ ಹಲ್ಲುಜ್ಜುವ ಮೊದಲೇ ಕಾಂಪೌಂಡಿಗೆ ಬಂದು ಸಾರುತ್ತಿದ್ದರು: "ಇವತ್ತ ಹದಿನೆಂಟ ಬಂತ್ರಿ! ನಿನ್ನೆಕಿಂತ ಜಾಸ್ತಿ." ನಾವೂ ಶಹಬ್ಬಾಸ್ ಎನ್ನುತ್ತಿದ್ದೆವು.

"ಎಲ್ಲೀದ್ರಿ, ಇನ್ನೂ ಉಸಿರ ನಿಲ್ಲತೈತಿ. ನಾ ರಾತ್ರಿಯೆಲ್ಲಾ ತಿವಿದು ಎಬ್ಬಸ್ತೇನಿ," ಎಂದು ಅವರ ಹೆಂಡತಿ ಕೆಂಪು ಕಣ್ಣು ಒರೆಸಿಕೊಳ್ಳುತ್ತಿದ್ದರು.

"ನಿಂದೇನ ಕೇಳೂದು? ಅಂಕಿ ಸುಳ್ಳ ಹೇಳಂಗಿಲ್ಲ."

ಮತ್ತೆ ಮಿರಜಿಗೆ ಹೋದಾಗ ನಾನೂ ಜೊತೆಗಿದ್ದೆ. ಡಾಕ್ಟರ ಮುಂದೆಯೂ ಅದೇ ಹೆಮ್ಮೆ. ಡಾಕ್ಟರು ನಗಲಿಲ್ಲ. "ತಾಸಿಗೆ ಎಷ್ಟ ಸಲ ಉಸಿರ ನಿಲ್ಲತೈತಿ ಅನ್ನೂ ಲೆಕ್ಕರಿ ಅದು. ಇಳೀಬೇಕು," ಎಂದರು. ಮೀಸೆ ಮುದುಡದಿರಲೆಂದು ಸೆಕ್ರೆಟರಿ ಸಡಿಲ ಬಿಟ್ಟಿದ್ದ ಮಾಸ್ಕಿನಿಂದ ಗಾಳಿಯೆಲ್ಲ ಸೋರುತ್ತಿತ್ತಂತೆ. ಪಟ್ಟಿ ಬಿಗಿಮಾಡಿ ಕಳಿಸಿದರು.

ಮರುದಿನ ಸೆಕ್ರೆಟರಿ ಕಾಂಪೌಂಡಿಗೆ ಬಂದದ್ದೇ ತಡವಾಗಿ. ಮೀಸೆ ಚಪ್ಪಟೆಯಾಗಿತ್ತು. ಮುಖ ನೋಡಿದರೆ ನೀರು ಬೆರೆಸಿದ ಹಾಲು ತಂದು ಸಿಕ್ಕಿಬಿದ್ದವರಂತಿತ್ತು.

"ಬರೇ ಮೂರ ಬಂತ್ರಿ," ಎಂದರು. "ಚಹಾನೂ ಇಲ್ಲ. ಬಿಸಲ ಏರಿದ್ರೂ ನಮ್ಮಾಕಿ ಇನ್ನೂ ಎದ್ದಿಲ್ಲ ನೋಡ್ರಿ."