ಕೈ ಎಟಕುವ ಗೆರೆ

ಮೊಮ್ಮಗಳ ತೋಳು ಸುಟ್ಟಿದ್ದು ಗ್ರಹಚಾರದಿಂದಲ್ಲ, ನನ್ನಿಂದ. ನಾನು ನೆಲದ ಮೇಲೆ ಮಣೆ ಹಾಕಿಕೊಂಡು ಕೂತು ರೊಟ್ಟಿ ಬಡಿಯುತ್ತೇನೆ, ಸೊಸೆ ಒಲೆಕಟ್ಟೆಯ ಮೇಲೆ ಬೇಯಿಸುತ್ತಾಳೆ. ಆವತ್ತು ಎದ್ದವಳು ಮಣೆಯನ್ನು ಕಟ್ಟೆಯ ಬುಡದಲ್ಲೇ ಬಿಟ್ಟೆ. ಎರಡು ವರ್ಷದ ಕೂಸು ಅದನ್ನು ಹತ್ತಿ ಸಾರಿನ ಪಾತ್ರೆ ಮೈಮೇಲೆ ಎಳೆದುಕೊಂಡಿತು.

ನಮ್ಮ ನರ್ಸಬಾಯಿ ಎಚ್ಚರಿಸಿಯೇ ಇದ್ದರು. ಬೆರಳಿಗೆ ಸದಾ ಸೀಮೆಸುಣ್ಣ, ಕೊರಳಲ್ಲಿ ದರ್ಜಿಯ ಟೇಪು, ಬೆವರಿಗೆ ಅಂಟಿದ ಬಿಳಿ ಸೀರೆ. ಕಾರವಾರದವರು. ಗುರುವಾರಕ್ಕೊಮ್ಮೆ ದುಡಿಯಲು ಊರು ಬಿಟ್ಟು ಬಂದ ನಾವಿರುವ ವೆರ್ಣಾದ ಚಾಳಿಗೆ ಬಂದು ಒಂದೊಂದೇ ಕೂಸನ್ನು ಗೋಡೆಗೆ ನಿಲ್ಲಿಸಿ ಕೈ ಎತ್ತಿಸುವರು. ಬೆರಳ ತುದಿ ಎಲ್ಲಿ ಮುಟ್ಟಿತೋ ಅಲ್ಲೊಂದು ಗೆರೆ. ಅದರ ಕೆಳಗೆ ಬಿಸಿಯದು, ಹರಿತದ್ದು ಏನೂ ಇಡಕೂಡದು. ಯಾವ ಖೋಲಿಯಲ್ಲಿ ಯಾವ ಕೂಸಿಗೆ ಪೆಟ್ಟಾದರೂ ಹೇಗಾಯಿತೆಂದು ಕೇಳಿ ಬರೆದುಕೊಳ್ಳುವರು. ಆಮೇಲೆ, “ದೀಪಾವಳಿಯೊಳಗೆ ಇವಳ ಕೈಗೆ ಕಟ್ಟೆ ಸಿಗ್ತದೆ” ಎಂದು ಮಳೆ ಬರುತ್ತದೆ ಎನ್ನುವಂತೆ ಹೇಳುವರು.

“ಬಾಯಿ, ಗಿಳಿ ಒಂದು ಇಟಗೊಳ್ರಿ, ಶಾಸ್ತ್ರಾ ಹೇಳಾಕ ಚಲೋ ಆಕ್ಕತಿ” ಎಂದು ನಾನು ಛೇಡಿಸಿದ್ದೆ.

“ಗಿಳಿಗೆ ಕಾಳು ನೀವೇ ಹಾಕ್ಬೇಕು ಅಜ್ಜಿ, ಆಗಿದ್ದು ಆದ ಹಾಗೇ ಹೇಳಿ” ಎಂದು ನಕ್ಕಿದ್ದರು.

ಕೂಸು ಸುಟ್ಟುಕೊಂಡ ವಾರ ಅವರೆದುರು ಸುಳ್ಳು ಹೇಳಿದೆ. “ಬೆಕ್ಕು ಕೆಡವಿತ್ರಿ.”

ಪೆನ್ನು ನಿಂತಿತು. “ಅಜ್ಜಿ, ಬೈಯೋದಕ್ಕೆ ಕೇಳ್ತಾ ಇಲ್ಲ. ನೀವು ಬೆಕ್ಕು ಅಂದ್ರೆ ನಾನು ಬೆಕ್ಕೇ ಬರೀತೇನೆ. ನಾಳೆ ಪಕ್ಕದ ಖೋಲಿಯ ಕೂಸನ್ನು ಯಾವುದರಿಂದ ಕಾಯ್ಲಿ?”

ಸೊಸೆಯ ಎದುರಿಗೇ ಖರೆ ಹೇಳಿದೆ. ಅವರು ಬೈಯಲಿಲ್ಲ. ಮಣೆ ತರಿಸಿ, ಪಟ್ಟಿ ಕಟ್ಟಿದ ಕೂಸನ್ನು ಅದರ ಮೇಲೆ ನಿಲ್ಲಿಸಿ ಹೊಸ ಗೆರೆ ಎಳೆದರು. “ಇದು ನನಗೂ ಹೊಳೆದಿರ್ಲಿಲ್ಲ” ಎಂದರು. ಅಷ್ಟು ಓದಿದವರು ನನ್ನೆದುರು ಹಾಗೆಂದರು. ಆಮೇಲೆ ಪ್ರತಿ ಮನೆಯಲ್ಲೂ ಮೊದಲು ಮಣೆ ಕೇಳತೊಡಗಿದರು.

ಈ ಮಳೆಗಾಲ ಜ್ವರ ಬಂದು ತೀರಿಕೊಂಡರು. ಅವರ ಜಾಗಕ್ಕೆ ಬಂದವಳು ಕೂಸುಗಳ ತೂಕ ನೋಡಿ ಹೋಗುತ್ತಾಳೆ. ಗುರುವಾರ ಬಂತೆಂದರೆ ನನ್ನ ಕಣ್ಣು ಈಗಲೂ ಅವರು ಬರುತ್ತಿದ್ದ ನಳದ ಕಡೆಯ ದಾರಿಗೇ ಹೋಗುತ್ತದೆ. ಅವರಿಲ್ಲ ಎಂದು ಗೊತ್ತು, ಆದರೂ ಹೋಗುತ್ತದೆ.

ಅವರು ತೀರಿಕೊಂಡ ಸುದ್ದಿ ಬಂದ ಮರುದಿನ ಬೆಳಿಗ್ಗೆ ಚಾಳಿನ ಕೊನೆಯ ಖೋಲಿಗೆ ಹೋದೆ. ವಿಜಯಪುರದ ಕಡೆಯವರು, ಬಂದು ತಿಂಗಳಾಗಿರಲಿಲ್ಲ. ಕೂಸು ಆಗಷ್ಟೇ ಹೆಜ್ಜೆ ಇಡುತ್ತಿತ್ತು.

“ಏನ್ ಬೇಕಾಗಿತ್ತ ಆಯಿ?” ಅಂದಳು ತಾಯಿ.

“ಏನೂ ಬ್ಯಾಡ. ಕೂಸಿನ್ನ ಗ್ವಾಡಿಗೆ ನಿಲ್ಲಸವ್ವಾ” ಎಂದು, ಅದರ ಕೈ ಎತ್ತಿಸಿ ನೆಲದಿಂದ ಬೆರಳ ತುದಿಯವರೆಗೆ ಗೇಣು ಹಾಕತೊಡಗಿದೆ.